ಹವಾನಾ ಮೇಜಿನ ಇಬ್ಬರು ಖಾತರಿದಾರರು: ಕೊಲಂಬಿಯಾ ಶಾಂತಿ ಮಾತುಕತೆಯಲ್ಲಿ ನಾರ್ವೆ ಮತ್ತು ಕ್ಯೂಬಾ (ಪದೇ ಪದೇ ಕೇಳುವ ಪ್ರಶ್ನೆಗಳು)

2012ರಿಂದ 2016ರವರೆಗೆ ಕೊಲಂಬಿಯಾ ಸರ್ಕಾರ ಮತ್ತು ಫಾರ್ಕ್ ಗೆರಿಲ್ಲಾಗಳು ಕ್ಯೂಬಾದ ರಾಜಧಾನಿ ಹವಾನಾದಲ್ಲಿ ಕೂತು ಮಾತಾಡಿದರು. ಅದೇ ಕೋಣೆಯಲ್ಲಿ ಇನ್ನಿಬ್ಬರು ಇದ್ದರು. ಒಬ್ಬರು ನಾರ್ವೆಯವರು, ಇನ್ನೊಬ್ಬರು ಕ್ಯೂಬಾದವರು. ಒಪ್ಪಂದದ ಬಗ್ಗೆ ಬರೆಯುವವರು ಅಧ್ಯಕ್ಷರ ಬಗ್ಗೆ ಬರೆಯುತ್ತಾರೆ, ಗೆರಿಲ್ಲಾ ನಾಯಕರ ಬಗ್ಗೆ ಬರೆಯುತ್ತಾರೆ. ಈ ಇಬ್ಬರ ಬಗ್ಗೆ ಒಂದು ಸಾಲು ಬರೆದು ಮುಗಿಸುತ್ತಾರೆ. ಇಲ್ಲಿ ಅವರದ್ದೇ ಕಥೆ.

ಮೊದಲಿಗೆ, ಇದು ಯಾವ ಯುದ್ಧ?

ಫಾರ್ಕ್ ಹುಟ್ಟಿದ್ದು 1964ರಲ್ಲಿ. ರೈತರ ಜಮೀನಿನ ಜಗಳ, ಎಡಪಂಥೀಯ ರಾಜಕೀಯ, ಸೇನೆಯ ದಾಳಿ ಎಲ್ಲ ಸೇರಿ ಹುಟ್ಟಿದ ಸಂಘಟನೆ. ಆಮೇಲೆ ಅದಕ್ಕೆ ಕೊಕೇನ್ ದುಡ್ಡು ಬಂತು, ಅಪಹರಣದ ದುಡ್ಡು ಬಂತು. ಎದುರಿಗೆ ಸೇನೆ ಇತ್ತು, ಜಮೀನ್ದಾರರು ಸಾಕಿದ ಬಲಪಂಥೀಯ ಅರೆಸೇನಾ ಪಡೆಗಳೂ ಇದ್ದವು. 1958ರಿಂದ 2012ರವರೆಗೆ ಸುಮಾರು 2 ಲಕ್ಷ 20 ಸಾವಿರ ಜನ ಸತ್ತರು ಎಂದು ಅಲ್ಲಿನ ಐತಿಹಾಸಿಕ ಸ್ಮರಣೆ ಕೇಂದ್ರ 2013ರಲ್ಲಿ ಹೇಳಿತು. 2022ರಲ್ಲಿ ಸತ್ಯಶೋಧನಾ ಆಯೋಗದ ವರದಿ ಬಂದಾಗ ಲೆಕ್ಕ ಇನ್ನೂ ಮೇಲೆ ಹೋಯಿತು. 1985ರಿಂದ 2018ರವರೆಗೇ ನಾಲ್ಕೂವರೆ ಲಕ್ಷ ಸಾವು. ಸತ್ತವರಲ್ಲಿ ಹೆಚ್ಚಿನವರು ಬಂದೂಕು ಹಿಡಿಯದ ಸಾಮಾನ್ಯರು.

ಎಲ್ಲಿಯ ನಾರ್ವೆ, ಎಲ್ಲಿಯ ಕ್ಯೂಬಾ! ಇವರಿಬ್ಬರೇ ಯಾಕೆ?

ಇಬ್ಬರಿಗೂ ಹೊಂದಿಕೆಯೇ ಇಲ್ಲ ಅನ್ನುವುದೇ ಇಲ್ಲಿನ ಬಲ. ನಾರ್ವೆ ನ್ಯಾಟೊ ಸದಸ್ಯ, ಶ್ರೀಮಂತ, ಅಮೆರಿಕದ ಸ್ನೇಹಿತ. ಕ್ಯೂಬಾ ಕಮ್ಯುನಿಸ್ಟ್ ದೇಶ. ಮಾತುಕತೆ ಶುರುವಾದಾಗ ಅದು ಅಮೆರಿಕದ ಭಯೋತ್ಪಾದನಾ ಪ್ರಾಯೋಜಕರ ಪಟ್ಟಿಯಲ್ಲೇ ಇತ್ತು. ಕಾಡಿನಿಂದ ಬರುವ ಗೆರಿಲ್ಲಾಗೆ ಹವಾನಾದಲ್ಲಿ ತನ್ನನ್ನು ಯಾರೂ ಹಿಡಿದುಕೊಡುವುದಿಲ್ಲ ಅನ್ನುವ ನಂಬಿಕೆ ಇತ್ತು. ಸರ್ಕಾರದ ಕಡೆಯವರಿಗೆ ನಾರ್ವೆ ಇದ್ದರೆ ಇದು ಬರೀ ಎಡಪಂಥೀಯರ ಕೂಟ ಆಗುವುದಿಲ್ಲ ಅನ್ನುವ ಧೈರ್ಯ. ಆಸ್ತಿ ಪಾಲಿನ ಜಗಳದಲ್ಲಿ ಎರಡೂ ಕಡೆಯವರು ಒಬ್ಬೊಬ್ಬ ಹಿರಿಯರನ್ನು ಕರೆತಂದು ಕೂರಿಸುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ.

ಇನ್ನೊಂದು ಕಾರಣ ಕಾನೂನಿನದು. ಫಾರ್ಕ್ ಐರೋಪ್ಯ ಒಕ್ಕೂಟದ ಭಯೋತ್ಪಾದಕ ಪಟ್ಟಿಯಲ್ಲಿತ್ತು. ನಾರ್ವೆ ಆ ಒಕ್ಕೂಟದ ಸದಸ್ಯ ಅಲ್ಲ. ಆದರೂ ಮೊದಲು ಅದೇ ಪಟ್ಟಿಯನ್ನು ಪಾಲಿಸುತ್ತಿತ್ತು. 2006ರಲ್ಲಿ ಅದನ್ನು ಕೈಬಿಟ್ಟು, ಇನ್ನು ವಿಶ್ವಸಂಸ್ಥೆಯ ಪಟ್ಟಿ ಮಾತ್ರ ಎಂದಿತು. ಹಾಗಾಗಿ ಬೇರೆ ಯುರೋಪಿಯನ್ ದೇಶಗಳು ಮಾತಾಡಲು ಹಿಂಜರಿಯುವ ಜನರ ಜೊತೆ ನಾರ್ವೆಯ ಅಧಿಕಾರಿ ಆರಾಮಾಗಿ ಕಾಫಿ ಕುಡಿಯಬಹುದಿತ್ತು. ಸಣ್ಣ ವಿಷಯ ಅನಿಸಬಹುದು. ಮಾತುಕತೆ ಶುರುವಾಗುವುದು ಇಂಥದ್ದರಿಂದಲೇ.

ಖಾತರಿದಾರ ಅಂದರೆ ಮಧ್ಯಸ್ಥಗಾರನಾ?

ಅಲ್ಲ. ಹವಾನಾದಲ್ಲಿ ಮಧ್ಯಸ್ಥಗಾರ ಅನ್ನುವವರೇ ಇರಲಿಲ್ಲ. ಸರ್ಕಾರ ಮತ್ತು ಫಾರ್ಕ್ ನೇರವಾಗಿ ಮಾತಾಡಿದವು. ಒಪ್ಪಂದದ ಕರಡು ಬರೆದಿದ್ದೂ ಅವರೇ. ಯಾರ ಮಾತು ಸರಿ ಎಂದು ತೀರ್ಪು ಕೊಡುವ ಅಧಿಕಾರ ನಾರ್ವೆಗೂ ಇರಲಿಲ್ಲ, ಕ್ಯೂಬಾಗೂ ಇರಲಿಲ್ಲ.

ಖಾತರಿದಾರ ಖಾತರಿ ಕೊಡುವುದು ಫಲಿತಾಂಶಕ್ಕಲ್ಲ, ದಾರಿಗೆ. ಬಂದವರು ಸುರಕ್ಷಿತವಾಗಿ ಬರುತ್ತಾರೆ, ಮುರಿದುಬಿದ್ದರೆ ಸುರಕ್ಷಿತವಾಗಿ ಹೋಗುತ್ತಾರೆ, ಮೇಜಿನ ಮೇಲೆ ಆಡಿದ ಮಾತನ್ನು ನಾಳೆ ಯಾರೂ ತಿರುಚುವಂತಿಲ್ಲ. ಇಷ್ಟೇ. ಕೇಳಲು ಸಪ್ಪೆ. ಐವತ್ತು ವರ್ಷ ಒಬ್ಬರನ್ನೊಬ್ಬರು ಕೊಂದವರ ನಡುವೆ ಇದಕ್ಕಿಂತ ದೊಡ್ಡ ವಸ್ತು ಇಲ್ಲ.

ವೆನೆಜುವೆಲಾ, ಚಿಲಿ ಹೆಸರೂ ಕೇಳಿದ್ದೇವಲ್ಲ?

ಹೌದು. ಅವು ಜೊತೆಗಾರ ದೇಶಗಳು. ವೆನೆಜುವೆಲಾ ಫಾರ್ಕ್‌ಗೆ ಹತ್ತಿರ, ಚಿಲಿ ಸರ್ಕಾರಕ್ಕೆ ಹತ್ತಿರ. ದಿನನಿತ್ಯ ಕೋಣೆಯೊಳಗೆ ಕೂರುತ್ತಿದ್ದವರು ಮಾತ್ರ ನಾರ್ವೆ, ಕ್ಯೂಬಾದವರು.

ಮಾತುಕತೆ ಶುರುವಾಗಿದ್ದು ಹೇಗೆ?

ಗುಟ್ಟಾಗಿ. ಅದಕ್ಕೆ ಕಾರಣವೂ ಇತ್ತು. 1999ರಿಂದ 2002ರವರೆಗೆ ಅಧ್ಯಕ್ಷ ಆಂದ್ರೆಸ್ ಪಾಸ್ತ್ರಾನಾ ಎಲ್ಲರೆದುರು ಮಾತುಕತೆ ನಡೆಸಿದ್ದರು. ಕಾಗ್ವಾನ್ ಎಂಬ ಕಡೆ ಸುಮಾರು 42 ಸಾವಿರ ಚದರ ಕಿಲೋಮೀಟರ್ ಜಾಗದಿಂದ ಸೇನೆಯನ್ನೇ ವಾಪಸ್ ಕರೆಸಿಕೊಂಡಿದ್ದರು. ಉದ್ಘಾಟನೆಯ ದಿನ ಫಾರ್ಕ್ ಸ್ಥಾಪಕ ಮಾನ್ವೆಲ್ ಮಾರುಲಾಂದಾ ಬರಲೇ ಇಲ್ಲ. ಅಧ್ಯಕ್ಷರ ಪಕ್ಕದಲ್ಲಿ ಖಾಲಿ ಕುರ್ಚಿ ಉಳಿಯಿತು. ಆ ಫೋಟೊ ಕೊಲಂಬಿಯಾದವರ ತಲೆಯಲ್ಲಿ ಇವತ್ತಿಗೂ ಇದೆ. ಆ ಜಾಗವನ್ನು ಫಾರ್ಕ್ ಬಲ ಬೆಳೆಸಿಕೊಳ್ಳಲು ಬಳಸಿತು. 2002ರ ಫೆಬ್ರವರಿಯಲ್ಲಿ ಎಲ್ಲ ಮುರಿದುಬಿತ್ತು.

2010ರಲ್ಲಿ ಅಧ್ಯಕ್ಷರಾದ ಹುವಾನ್ ಮಾನ್ವೆಲ್ ಸಾಂತೋಸ್ ಈ ಪಾಠ ಕಲಿತಿದ್ದರು. ಅವರು ಹಿಂದಿನ ಅಧ್ಯಕ್ಷ ಆಲ್ವರೊ ಉರಿಬೆಯವರ ರಕ್ಷಣಾ ಮಂತ್ರಿ. ಫಾರ್ಕ್ ಮೇಲೆ ಬಾಂಬ್ ಹಾಕಿಸಿದ ಮನುಷ್ಯ. ಅವರೇ ಒಳಗೊಳಗೆ ಸಂದೇಶ ಕಳಿಸಿದರು. ಗುಟ್ಟಿನ ಸಂಪರ್ಕ ನಡೆಯುತ್ತಿದ್ದಾಗಲೇ 2011ರ ನವೆಂಬರ್‌ನಲ್ಲಿ ಸೇನೆ ಫಾರ್ಕ್ ಮುಖ್ಯಸ್ಥ ಅಲ್ಫೋನ್ಸೊ ಕಾನೊನನ್ನು ಕೊಂದಿತು. ಆದರೂ ಸಂಪರ್ಕ ಕಡಿಯಲಿಲ್ಲ.

2012ರ ಫೆಬ್ರವರಿಯಿಂದ ಆಗಸ್ಟ್‌ವರೆಗೆ ಹವಾನಾದಲ್ಲಿ ಗುಟ್ಟಾಗಿ ಕೂತರು. ಸರ್ಕಾರದ ತಂಡದಲ್ಲಿ ಅಧ್ಯಕ್ಷರ ಸ್ವಂತ ಅಣ್ಣ, ಪತ್ರಕರ್ತ ಎನ್ರಿಕೆ ಸಾಂತೋಸ್ ಕೂಡ ಇದ್ದರು. ನಾರ್ವೆ, ಕ್ಯೂಬಾ ಈ ಹಂತದಿಂದಲೇ ಒಳಗಿದ್ದವು. ಆಗಸ್ಟ್ 26ಕ್ಕೆ ಆರು ಅಂಶಗಳ ಚೌಕಟ್ಟಿಗೆ ಸಹಿ ಬಿತ್ತು: ಜಮೀನು, ರಾಜಕೀಯದಲ್ಲಿ ಪಾಲು, ಯುದ್ಧದ ಅಂತ್ಯ, ಮಾದಕ ವಸ್ತು, ಸಂತ್ರಸ್ತರು, ಜಾರಿ. ಅಕ್ಟೋಬರ್ 18ಕ್ಕೆ ನಾರ್ವೆಯಲ್ಲಿ, ಓಸ್ಲೋ ಹೊರಗಿನ ಹುರ್ದಾಲ್‌ನಲ್ಲಿ ಬಹಿರಂಗ ಉದ್ಘಾಟನೆ. ಆಮೇಲೆ ನವೆಂಬರ್‌ನಿಂದ ಎಲ್ಲ ಹವಾನಾಗೆ. ಉದ್ಘಾಟನೆ ಒಬ್ಬರ ಮನೆಯಲ್ಲಿ, ಸಂಸಾರ ಇನ್ನೊಬ್ಬರ ಮನೆಯಲ್ಲಿ. ಇಬ್ಬರಿಗೂ ಗೌರವ ಸಿಕ್ಕಿತು.

ಹಾಗಾದರೆ ಅವರ ದಿನನಿತ್ಯದ ಕೆಲಸ ಏನು?

ಹೆಚ್ಚಿನದು ಯಾರ ಕಣ್ಣಿಗೂ ಬೀಳದ ಕೆಲಸ. ಕ್ಯೂಬಾ ಮನೆ ಕೊಟ್ಟಿತು, ಸಭಾಂಗಣ ಕೊಟ್ಟಿತು, ಭದ್ರತೆ ಕೊಟ್ಟಿತು. ಎರಡೂ ತಂಡಗಳು ಎಲ್ ಲಗೀತೊ ಎಂಬ ಬಡಾವಣೆಯಲ್ಲಿ ಇದ್ದವು. ನಾರ್ವೆ ದುಡ್ಡು ಕೊಟ್ಟಿತು, ತಜ್ಞರನ್ನು ಕರೆಸಿತು. ಕಾಡಿನಿಂದ ಗೆರಿಲ್ಲಾ ನಾಯಕರನ್ನು ಕರೆತರುವಾಗ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಜೊತೆ ಇವರೂ ಇರುತ್ತಿದ್ದರು.

ಮೇಜಿನ ನಿಯಮಗಳು ಬಿಗಿಯಾಗಿದ್ದವು. ಒಂದು ಕಡೆಯಿಂದ ಹೆಚ್ಚೆಂದರೆ ಹತ್ತು ಜನ ಕೂರಬಹುದು, ಅದರಲ್ಲಿ ಐವರು ಮಾತಾಡಬಹುದು. ಎಲ್ಲ ಒಪ್ಪುವವರೆಗೆ ಏನೂ ಒಪ್ಪಿದಂತಲ್ಲ. ಸರ್ಕಾರದ ಕಡೆ ಉಂಬೆರ್ತೊ ದೆ ಲಾ ಕಾಯೆ, ಫಾರ್ಕ್ ಕಡೆ ಇವಾನ್ ಮಾರ್ಕೆಸ್. ಖಾತರಿದಾರರು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ನಾರ್ವೆಯ ದಾಗ್ ನಿಲಾಂಡರ್, ಕ್ಯೂಬಾದ ರೊಡೊಲ್ಫೊ ಬೆನಿತೆಸ್. ಜಂಟಿ ಪ್ರಕಟಣೆಗಳನ್ನು ಪತ್ರಕರ್ತರ ಮುಂದೆ ಓದುತ್ತಿದ್ದವರು ಇವರೇ. ಅದಕ್ಕೂ ಅರ್ಥ ಇತ್ತು. ಸರ್ಕಾರ ಓದಿದರೆ ಫಾರ್ಕ್ ಸೋತಂತೆ, ಫಾರ್ಕ್ ಓದಿದರೆ ಸರ್ಕಾರ ಬಗ್ಗಿದಂತೆ. ಇವರು ಓದಿದರೆ ಅದು ಮೇಜಿನ ಮಾತು.

ಮುರಿಯುವ ಹಂತಕ್ಕೆ ಬಂದಿತ್ತಾ?

ಸಾಕಷ್ಟು ಸಲ. ಒಂದು ಪ್ರಸಂಗ ಹೇಳಿದರೆ ಸಾಕು, ಖಾತರಿ ಅಂದರೆ ಏನೆಂದು ಅರ್ಥ ಆಗುತ್ತದೆ.

ಆಗ ಎರಡೂ ಕಡೆಯ ಕದನವಿರಾಮ ಇರಲಿಲ್ಲ. ಹವಾನಾದಲ್ಲಿ ಮಾತು, ಕೊಲಂಬಿಯಾದಲ್ಲಿ ಗುಂಡು. 2014ರ ನವೆಂಬರ್ 16ರಂದು ಚೊಕೊ ಪ್ರಾಂತ್ಯದಲ್ಲಿ ಫಾರ್ಕ್ ಒಬ್ಬ ಜನರಲ್‌ನನ್ನೇ ಹಿಡಿಯಿತು. ಹೆಸರು ರುಬೆನ್ ದಾರಿಯೊ ಅಲ್ಸಾತೆ. ಅವರು ಸಾದಾ ಬಟ್ಟೆಯಲ್ಲಿ, ಕಾವಲಿಲ್ಲದೆ, ಇನ್ನಿಬ್ಬರ ಜೊತೆ ದೋಣಿಯಲ್ಲಿ ಹೋಗಿದ್ದರು. ಯಾಕೆ ಹಾಗೆ ಹೋದರು ಎಂದು ಅಧ್ಯಕ್ಷರೇ ಬಹಿರಂಗವಾಗಿ ಕೇಳಿದರು. ಸಾಂತೋಸ್ ಮಾತುಕತೆ ನಿಲ್ಲಿಸಿದರು. ಎರಡು ವರ್ಷದ ಶ್ರಮ ಆ ರಾತ್ರಿ ನೀರು ಪಾಲಾಗಬಹುದಿತ್ತು.

ಈಗ ಫಾರ್ಕ್ ಬಿಡಲು ತಯಾರಿದ್ದರೂ ಬಿಡುವುದು ಹೇಗೆ? ಆ ಜಾಗದಲ್ಲಿ ಸೇನೆ ಹುಡುಕಾಟ ನಡೆಸುತ್ತಿದೆ. ಸೇನೆ ನಿಂತರೆ ತಾನೇ ಬಿಡುವುದು? ಬಿಟ್ಟರೆ ತಾನೇ ಸೇನೆ ನಿಲ್ಲುವುದು? ಎದುರೆದುರು ಮಾತು ನಿಂತಿದೆ. ಖಾತರಿದಾರರು ಎರಡೂ ಕಡೆ ಓಡಾಡಿದರು. ಮೂರೇ ದಿನದಲ್ಲಿ, 19ಕ್ಕೆ, ಬಿಡುಗಡೆಗೆ ಒಪ್ಪಿಗೆಯಾಗಿದೆ ಎಂದು ಪ್ರಕಟಿಸಿದರು. ನವೆಂಬರ್ 30ಕ್ಕೆ ರೆಡ್ ಕ್ರಾಸ್ ಮೂಲಕ ಜನರಲ್ ಹೊರಬಂದರು. ಫಾರ್ಕ್‌ನ ಒಬ್ಬ ಹಿರಿಯ ಕಮಾಂಡರ್ ಇದಕ್ಕಾಗಿಯೇ ಹವಾನಾದಿಂದ ಅಲ್ಲಿಗೆ ಬಂದಿದ್ದರು. ಡಿಸೆಂಬರ್‌ನಲ್ಲಿ ಮಾತುಕತೆ ಮತ್ತೆ ಶುರು. ಅದೇ ತಿಂಗಳು ಫಾರ್ಕ್ ತನ್ನ ಕಡೆಯಿಂದ ಅನಿರ್ದಿಷ್ಟ ಕದನವಿರಾಮ ಘೋಷಿಸಿತು. ಮುರಿಯಬೇಕಿದ್ದ ಘಟನೆಯೇ ಗಂಟು ಬಿಗಿಮಾಡಿತು.

2015ರ ಏಪ್ರಿಲ್‌ನಲ್ಲಿ ಕೌಕಾ ಪ್ರಾಂತ್ಯದಲ್ಲಿ ಫಾರ್ಕ್ ದಾಳಿಗೆ 11 ಸೈನಿಕರು ಸತ್ತಾಗ ಮತ್ತೆ ಹಾಗೇ ಆಯಿತು. ಸರ್ಕಾರ ಬಾಂಬ್ ದಾಳಿ ಶುರು ಮಾಡಿತು, ಫಾರ್ಕ್ ಕದನವಿರಾಮ ಕೈಬಿಟ್ಟಿತು. ಜುಲೈನಲ್ಲಿ ಖಾತರಿದಾರರು ಮತ್ತು ಜೊತೆಗಾರರು, ಒಟ್ಟು ನಾಲ್ಕು ದೇಶಗಳು, ತುರ್ತಾಗಿ ಬಿಸಿ ತಗ್ಗಿಸಿ ಎಂದು ಬಹಿರಂಗವಾಗಿ ಕೇಳಿದವು. ಫಾರ್ಕ್ ಜುಲೈ 20ರಿಂದ ಮತ್ತೆ ಕದನವಿರಾಮ ಎಂದಿತು.

ಬೆಂಗಳೂರಿನ ಶ್ರೀ ಶ್ರೀ ರವಿಶಂಕರ್ ಅವರೇ ಈ ಕದನವಿರಾಮ ಮಾಡಿಸಿದರಂತೆ, ನಿಜವಾ?

ಈ ಪ್ರಶ್ನೆ ನಮ್ಮ ಕಡೆ ಜಾಸ್ತಿ. ಅವರು ಹವಾನಾಗೆ ಹೋಗಿದ್ದು ನಿಜ. 2015ರ ಜೂನ್ ಕೊನೆಯಲ್ಲಿ ಫಾರ್ಕ್ ನಾಯಕರನ್ನು ಭೇಟಿ ಮಾಡಿದರು, ಗಾಂಧಿಯವರ ಅಹಿಂಸೆಯ ಬಗ್ಗೆ ಮಾತಾಡಿದರು. ಫಾರ್ಕ್ ನಾಯಕರೂ ಅದಕ್ಕೆ ಒಳ್ಳೆಯ ಮಾತಾಡಿದರು. ಕೆಲವೇ ದಿನಗಳಲ್ಲಿ ಕದನವಿರಾಮ ಘೋಷಣೆ ಆಯಿತು.

ಆದರೆ ಅದೇ ವಾರ ನಾಲ್ಕು ದೇಶಗಳ ಮನವಿಯೂ ಬಂದಿತ್ತು. ಅದರ ಹಿಂದೆ ಮೂರು ವರ್ಷದ ಕೂರಾಟ ಇತ್ತು. ಭೇಟಿಯಿಂದ ಮನಸ್ಸು ಸ್ವಲ್ಪ ಮೆತ್ತಗಾಗಿರಬಹುದು, ಇಲ್ಲ ಅನ್ನುವುದಿಲ್ಲ. ಅದೊಂದೇ ಕಾರಣ ಅನ್ನುವುದು ಮಾತ್ರ ಅತಿಯಾಯಿತು.

ಅಮೆರಿಕ ಸುಮ್ನೆ ಇತ್ತಾ?

ಮೊದಮೊದಲು ದೂರದಲ್ಲಿತ್ತು. 2014ರ ಡಿಸೆಂಬರ್‌ನಲ್ಲಿ ಒಬಾಮಾ ಮತ್ತು ಕ್ಯೂಬಾ ಅಧ್ಯಕ್ಷ ರೌಲ್ ಕಾಸ್ತ್ರೊ ಸಂಬಂಧ ಸರಿಪಡಿಸಿಕೊಳ್ಳುವುದಾಗಿ ಹೇಳಿದ ಮೇಲೆ ದಾರಿ ಸಲೀಸಾಯಿತು. 2015ರಲ್ಲಿ ಅಮೆರಿಕ ತನ್ನ ವಿಶೇಷ ದೂತನನ್ನು ನೇಮಿಸಿತು. ಅದೇ ವರ್ಷದ ಮೇನಲ್ಲಿ ಕ್ಯೂಬಾವನ್ನು ಆ ಭಯೋತ್ಪಾದನಾ ಪಟ್ಟಿಯಿಂದ ತೆಗೆಯಿತು. ಈ ಪಟ್ಟಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜನಮತದಲ್ಲಿ ಸೋತಾಗ ಖಾತರಿದಾರರು ಏನು ಮಾಡಿದರು?

2015ರ ಸೆಪ್ಟೆಂಬರ್ 23ಕ್ಕೆ ಹವಾನಾದಲ್ಲಿ ಸಾಂತೋಸ್ ಮತ್ತು ಫಾರ್ಕ್ ಮುಖ್ಯಸ್ಥ ತಿಮೊಚೆಂಕೊ ಕೈಕುಲುಕಿದರು. ನಡುವೆ ರೌಲ್ ಕಾಸ್ತ್ರೊ. 2016ರ ಜೂನ್ 23ಕ್ಕೆ ಎರಡೂ ಕಡೆಯ ಕದನವಿರಾಮದ ಒಪ್ಪಂದ. ಆಗಸ್ಟ್ 24ಕ್ಕೆ ಪೂರ್ಣ ಒಪ್ಪಂದ ಸಿದ್ಧ. ಸೆಪ್ಟೆಂಬರ್ 26ಕ್ಕೆ ಕಾರ್ತಹೇನಾ ನಗರದಲ್ಲಿ ದೊಡ್ಡ ಸಮಾರಂಭ. ಗುಂಡಿನ ಕವಚದಿಂದ ಮಾಡಿದ ಪೆನ್ನಿನಲ್ಲಿ ಸಹಿ.

ಆರು ದಿನ ಕಳೆಯಿತು. ಅಕ್ಟೋಬರ್ 2ರ ಜನಮತದಲ್ಲಿ ಜನ ಬೇಡ ಎಂದರು. 50.2 ಶೇಕಡಾ ಬೇಡ, 49.8 ಬೇಕು. ವ್ಯತ್ಯಾಸ ಸುಮಾರು 54 ಸಾವಿರ ಮತ. ಮತ ಹಾಕಿದವರು ಶೇಕಡಾ 40 ಕೂಡ ಇಲ್ಲ. ಗೆರಿಲ್ಲಾಗಳಿಗೆ ಜೈಲಿಲ್ಲದೆ ಸಂಸತ್ತಿನಲ್ಲಿ ಸೀಟು ಕೊಡುವುದು ಉರಿಬೆಯವರ ಬಳಗಕ್ಕೆ ನುಂಗಲಾರದ ತುತ್ತಾಗಿತ್ತು. ಸಿಟ್ಟಿಗೆ ಕಾರಣವೇ ಇರಲಿಲ್ಲ ಅನ್ನಲು ಆಗುವುದಿಲ್ಲ.

ಇಂಥ ಹೊತ್ತಲ್ಲಿ ಗೆರಿಲ್ಲಾಗಳು ಕಾಡಿಗೆ ವಾಪಸ್ ಹೋಗಬಹುದಿತ್ತು. ಹೋಗಲಿಲ್ಲ. ಹವಾನಾದ ಮೇಜು ಹಾಗೇ ಇತ್ತು, ಖಾತರಿದಾರರೂ ಜಾಗ ಬಿಟ್ಟು ಕದಲಲಿಲ್ಲ. ಬೇಡ ಎಂದವರ ಆಕ್ಷೇಪಗಳನ್ನು ಸರ್ಕಾರ ಅಲ್ಲಿಗೇ ತಂದಿತು. ನವೆಂಬರ್ 12ಕ್ಕೆ ತಿದ್ದಿದ ಒಪ್ಪಂದ ಬಂತು. 24ಕ್ಕೆ ಬೊಗೊಟಾದ ಕೊಲೊನ್ ನಾಟಕಮಂದಿರದಲ್ಲಿ ಸರಳವಾಗಿ ಸಹಿ. ಈ ಸಲ ಜನಮತ ಇಲ್ಲ, ಸಂಸತ್ತಿನ ಒಪ್ಪಿಗೆ ಮಾತ್ರ. ಇದು ಜನರ ತೀರ್ಪನ್ನು ಪಕ್ಕಕ್ಕಿಟ್ಟು ಹೋದ ಅಡ್ಡದಾರಿ ಎಂದು ವಿರೋಧಿಗಳು ಇವತ್ತಿಗೂ ಹೇಳುತ್ತಾರೆ.

ನಾರ್ವೆ ಖಾತರಿದಾರ, ನೊಬೆಲ್ ಶಾಂತಿ ಪ್ರಶಸ್ತಿಯೂ ನಾರ್ವೆಯದು. ಸಾಂತೋಸ್‌ಗೆ ಅದು ಸಿಕ್ಕಿದ್ದು ಸರಿನಾ?

ಅನುಮಾನ ಸಹಜ. ಜನಮತ ಸೋತ ಐದೇ ದಿನಕ್ಕೆ, ಅಕ್ಟೋಬರ್ 7ಕ್ಕೆ ಪ್ರಶಸ್ತಿ ಘೋಷಣೆ ಆಯಿತು. ಸಮಿತಿಯನ್ನು ನೇಮಿಸುವುದು ನಾರ್ವೆಯ ಸಂಸತ್ತು. ಆದರೆ ಸಮಿತಿ ಸರ್ಕಾರದ ಮಾತು ಕೇಳಬೇಕಿಲ್ಲ. ಚೀನಾದ ಜೈಲಿನಲ್ಲಿದ್ದ ಹೋರಾಟಗಾರ ಲಿಯು ಷಿಯಾಬೊಗೆ 2010ರಲ್ಲಿ ಪ್ರಶಸ್ತಿ ಕೊಟ್ಟಾಗ ಪೆಟ್ಟು ತಿಂದಿದ್ದು ನಾರ್ವೆ ಸರ್ಕಾರವೇ, ಚೀನಾ ವರ್ಷಗಟ್ಟಲೆ ಮುಖ ತಿರುಗಿಸಿತು. ಇಷ್ಟಾದರೂ ಸಾಂತೋಸ್ ಒಬ್ಬರಿಗೇ ಕೊಟ್ಟಿದ್ದು ನನಗೆ ಸರಿ ಕಂಡಿಲ್ಲ. ಮೇಜಿನ ಆ ಕಡೆ ಕೂತವರಿಲ್ಲದೆ ಒಪ್ಪಂದ ಆಗುತ್ತಿರಲಿಲ್ಲ. ಸಂತ್ರಸ್ತರಿಗೆ ಕೊಟ್ಟಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. 2014ರಲ್ಲಿ 60 ಸಂತ್ರಸ್ತರು ಐದು ತಂಡಗಳಾಗಿ ಹವಾನಾಗೆ ಹೋಗಿ, ತಮ್ಮವರನ್ನು ಕೊಂದವರ ಮುಂದೆಯೇ ಕೂತು ಮಾತಾಡಿದ್ದರು.

ಶ್ರೀಲಂಕಾದಲ್ಲಿ ಕೈಸುಟ್ಟುಕೊಂಡ ನಾರ್ವೆ ಇಲ್ಲಿ ಹೇಗೆ ದಡ ಸೇರಿತು?

ನಮ್ಮಲ್ಲಿ ಎಷ್ಟೋ ಜನಕ್ಕೆ ನಾರ್ವೆಯ ರಾಜತಾಂತ್ರಿಕರ ಹೆಸರು ಮೊದಲು ಕೇಳಿಸಿದ್ದೇ ಎಲ್‌ಟಿಟಿಇ ಕಾಲದಲ್ಲಿ. 2002ರ ಫೆಬ್ರವರಿಯ ಕದನವಿರಾಮಕ್ಕೆ ಎರಿಕ್ ಸೋಲ್ಹೈಮ್ ಓಡಾಡಿದ್ದರು. ಅಲ್ಲಿ ನಾರ್ವೆ ಒಂಟಿ. ಮಾತು ಸಾಗಿಸುವವರೂ ಅವರೇ, ಕದನವಿರಾಮದ ಉಸ್ತುವಾರಿ ತಂಡದ ಮುಂದಾಳನ್ನು ನೇಮಿಸುವವರೂ ಅವರೇ. ಏನಾದರೂ ತಪ್ಪಾದರೆ ಎರಡೂ ಕಡೆಯ ಬೈಗುಳ ಒಬ್ಬರಿಗೇ. 2006ರ ಮೇನಲ್ಲಿ ಐರೋಪ್ಯ ಒಕ್ಕೂಟ ಎಲ್‌ಟಿಟಿಇಯನ್ನು ನಿಷೇಧಿಸಿತು. ಕೂಡಲೇ ಆ ಒಕ್ಕೂಟದ ದೇಶದವರು ಉಸ್ತುವಾರಿ ತಂಡದಲ್ಲಿ ಇರಕೂಡದು ಎಂದು ಹುಲಿಗಳು ಹೇಳಿದರು. ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ಹೊರಟವು. ನಾರ್ವೆ, ಐಸ್‌ಲ್ಯಾಂಡ್ ಮಾತ್ರ ಉಳಿದವು. 2009ರ ಮೇನಲ್ಲಿ ಆ ಯುದ್ಧ ಮುಗಿದಿದ್ದು ಮೇಜಿನ ಮೇಲಲ್ಲ, ಮುಲ್ಲೈತೀವಿನ ಕಡಲ ತೀರದಲ್ಲಿ.

ಹವಾನಾದಲ್ಲಿ ಎರಡು ವಿಷಯ ಬೇರೆ ಇದ್ದವು. ಒಂದು, ನಾರ್ವೆ ಒಂಟಿಯಲ್ಲ. ಗೆರಿಲ್ಲಾಗಳಿಗೆ ಕಹಿ ಮಾತು ಹೇಳಬೇಕಾದಾಗ ಕ್ಯೂಬಾ ಹೇಳಿದರೆ ಅದರ ತೂಕವೇ ಬೇರೆ. ಎರಡು, ಮತ್ತು ಇದೇ ಮುಖ್ಯ, ಕೊಲಂಬಿಯಾದಲ್ಲಿ ಎರಡೂ ಕಡೆಯವರಿಗೆ ಮುಗಿಸುವ ಮನಸ್ಸಿತ್ತು. ಆ ಮನಸ್ಸು ಇಲ್ಲದ ಕಡೆ ಯಾವ ಜೋಡಿ ಬಂದರೂ ಅಷ್ಟೇ.

ಕ್ಯೂಬಾಗೆ ಇದರಿಂದ ಏನು ಸಿಕ್ಕಿತು?

ಮೊದಲು ಹೆಸರು. ಆಮೇಲೆ ಪೆಟ್ಟು.

ಫಾರ್ಕ್ ಅಲ್ಲದೆ ಕೊಲಂಬಿಯಾದಲ್ಲಿ ಇಎಲ್‌ಎನ್ ಎಂಬ ಇನ್ನೊಂದು ಗೆರಿಲ್ಲಾ ಸಂಘಟನೆ ಇದೆ. ಅದರ ಜೊತೆಗಿನ ಮಾತುಕತೆ 2018ರಲ್ಲಿ ಹವಾನಾಗೆ ಬಂತು. ಅದಕ್ಕೂ ಕ್ಯೂಬಾ, ನಾರ್ವೆ ಖಾತರಿದಾರರು. 2016ರಲ್ಲೇ ಒಂದು ಕಾಗದಕ್ಕೆ ಸಹಿಯಾಗಿತ್ತು: ಮಾತು ಮುರಿದರೆ ಇಎಲ್‌ಎನ್ ತಂಡವನ್ನು ಸುರಕ್ಷಿತವಾಗಿ ವಾಪಸ್ ಕಳಿಸಬೇಕು. ಸಹಿ ಹಾಕಿದ್ದು ಕೊಲಂಬಿಯಾ ಸರ್ಕಾರ, ಇಎಲ್‌ಎನ್, ಖಾತರಿದಾರ ದೇಶಗಳು.

2019ರ ಜನವರಿ 17ಕ್ಕೆ ಇಎಲ್‌ಎನ್ ಬೊಗೊಟಾದ ಪೊಲೀಸ್ ತರಬೇತಿ ಶಾಲೆಯಲ್ಲಿ ಕಾರ್ ಬಾಂಬ್ ಸಿಡಿಸಿತು. 22 ಎಳೆಯ ಕೆಡೆಟ್‌ಗಳು ಸತ್ತರು. ಆಗಿನ ಅಧ್ಯಕ್ಷ ಇವಾನ್ ದೂಕೆ ಮಾತುಕತೆ ಮುರಿದರು. ಹವಾನಾದಲ್ಲಿದ್ದ ಇಎಲ್‌ಎನ್ ನಾಯಕರನ್ನು ಹಿಡಿದುಕೊಡಿ ಎಂದು ಕ್ಯೂಬಾವನ್ನು ಕೇಳಿದರು. ಮಕ್ಕಳನ್ನು ಕಳೆದುಕೊಂಡ ದೇಶದ ಸಿಟ್ಟು ಅರ್ಥ ಆಗುತ್ತದೆ. ಕ್ಯೂಬಾ ಬಾಂಬ್ ದಾಳಿಯನ್ನು ಖಂಡಿಸಿತು, ಆದರೆ ಹಿಡಿದುಕೊಡಲಿಲ್ಲ. ಸಹಿ ಹಾಕಿದ ಕಾಗದ ಇದೆ ಎಂದಿತು. ನಾರ್ವೆಯೂ ಅದೇ ನಿಲುವು ತೆಗೆದುಕೊಂಡಿತು. ಇವತ್ತು ಇವರನ್ನು ಹಿಡಿದುಕೊಟ್ಟರೆ, ನಾಳೆ ಬೇರೆ ಯಾವ ದೇಶದ ಬಂಡುಕೋರ ತಾನೇ ಮೇಜಿಗೆ ಬರುತ್ತಾನೆ?

ಬೆಲೆ ತೆತ್ತಿದ್ದು ಮಾತ್ರ ಒಬ್ಬರೇ. 2021ರ ಜನವರಿಯಲ್ಲಿ ಟ್ರಂಪ್ ಸರ್ಕಾರ ಕ್ಯೂಬಾವನ್ನು ಮತ್ತೆ ಆ ಭಯೋತ್ಪಾದನಾ ಪಟ್ಟಿಗೆ ಹಾಕಿತು. ಕೊಟ್ಟ ಕಾರಣಗಳಲ್ಲಿ ಇಎಲ್‌ಎನ್ ನಾಯಕರನ್ನು ಕೊಡದಿದ್ದುದೂ ಒಂದು. ಅಮೆರಿಕ–ಕ್ಯೂಬಾ ಜಗಳಕ್ಕೆ ಬೇರೆ ಹಳೆಯ ಕಾರಣಗಳಿವೆ, ಗೊತ್ತು. ಆದರೂ ಒಂದೇ ಕಾಗದಕ್ಕೆ ಬದ್ಧರಾದ ಇಬ್ಬರಲ್ಲಿ ನಾರ್ವೆಗೆ ಏನೂ ಆಗಲಿಲ್ಲ. ಕ್ಯೂಬಾ ಜೊತೆ ವ್ಯವಹಾರಕ್ಕೆ ಬ್ಯಾಂಕುಗಳು ಹೆದರತೊಡಗಿದವು. ಪಾಲುದಾರಿಕೆ ಸಮವಾಗಿತ್ತು, ಬಿಲ್ ಸಮವಾಗಿರಲಿಲ್ಲ.

ನಾರ್ವೆಗೆ ಏನು ಲಾಭ?

ಐವತ್ತೈದು ಲಕ್ಷ ಜನರ ದೇಶ ಅದು. ದೊಡ್ಡ ರಾಜಧಾನಿಗಳಲ್ಲಿ ಅದರ ಫೋನ್ ಎತ್ತುತ್ತಾರೆ ಅಂದರೆ ಅದಕ್ಕೆ ಅದರ ತೈಲದ ದುಡ್ಡು ಒಂದೇ ಕಾರಣ ಅಲ್ಲ, ಇಂಥ ಮೇಜುಗಳಲ್ಲಿ ಗಳಿಸಿದ ಹೆಸರೂ ಕಾರಣ.

ಅಷ್ಟೆಲ್ಲ ಆಗಿ, ಶಾಂತಿ ಬಂತಾ?

ಅರ್ಧ ಬಂತು. 2017ರ ಜೂನ್‌ನಲ್ಲಿ ಮೆಸೇತಾಸ್ ಎಂಬಲ್ಲಿ ಫಾರ್ಕ್ ತನ್ನ ಬಂದೂಕುಗಳನ್ನು ಒಪ್ಪಿಸಿದ್ದನ್ನು ವಿಶ್ವಸಂಸ್ಥೆ ಪ್ರಕಟಿಸಿತು. ಸುಮಾರು 13 ಸಾವಿರ ಜನ ಮಾಜಿ ಫಾರ್ಕ್ ಸದಸ್ಯರೆಂದು ನೋಂದಾಯಿತರಾದರು. ಹತ್ತು ಸೀಟುಗಳೊಂದಿಗೆ ಅವರ ಪಕ್ಷ ಸಂಸತ್ತಿಗೆ ಹೋಯಿತು. ಯುದ್ಧಾಪರಾಧಗಳಿಗೆ ವಿಶೇಷ ನ್ಯಾಯಾಲಯ ಬಂತು. ಅದು 2025ರ ಸೆಪ್ಟೆಂಬರ್‌ನಲ್ಲಿ ಅಪಹರಣಗಳ ಪ್ರಕರಣದಲ್ಲಿ ಫಾರ್ಕ್‌ನ ಹಳೆಯ ನಾಯಕಮಂಡಳಿಗೆ ಎಂಟು ವರ್ಷಗಳ ಶಿಕ್ಷೆ ಕೊಟ್ಟಿತು. ಜೈಲಲ್ಲ, ಸಂತ್ರಸ್ತರಿಗಾಗಿ ದುಡಿಯುವ ಶಿಕ್ಷೆ.

ಇನ್ನರ್ಧ ಬರಲಿಲ್ಲ. ಬಂದೂಕು ಬಿಟ್ಟ ನಾನೂರಕ್ಕೂ ಹೆಚ್ಚು ಮಾಜಿ ಗೆರಿಲ್ಲಾಗಳನ್ನು ಆಮೇಲೆ ಕೊಂದಿದ್ದಾರೆ. ಮಾತುಕತೆಯ ಮುಂದಾಳಾಗಿದ್ದ ಇವಾನ್ ಮಾರ್ಕೆಸ್ 2019ರ ಆಗಸ್ಟ್‌ನಲ್ಲಿ ಮತ್ತೆ ಬಂದೂಕು ಹಿಡಿದು ವಿಡಿಯೊದಲ್ಲಿ ಕಾಣಿಸಿಕೊಂಡರು. ಜಮೀನು ಹಂಚಿಕೆ ಒಪ್ಪಂದದ ಮೊದಲ ಅಂಶ. ಅದೇ ಎಲ್ಲಕ್ಕಿಂತ ನಿಧಾನ.

ಈ ಜೋಡಿ ಆಮೇಲೂ ಮುಂದುವರಿಯಿತಾ?

ಹೌದು. 2022ರಲ್ಲಿ ಗುಸ್ತಾವೊ ಪೆತ್ರೊ ಅಧ್ಯಕ್ಷರಾದ ಮೇಲೆ ಇಎಲ್‌ಎನ್ ನಾಯಕರ ಮೇಲಿನ ಬಂಧನದ ವಾರಂಟ್‌ಗಳನ್ನು ತಡೆಹಿಡಿದರು. ನವೆಂಬರ್‌ನಲ್ಲಿ ಕರಾಕಸ್‌ನಲ್ಲಿ ಮಾತುಕತೆ ಮತ್ತೆ ತೆರೆಯಿತು. ಖಾತರಿದಾರರ ಪಟ್ಟಿಯಲ್ಲಿ ಮತ್ತೆ ನಾರ್ವೆ, ಕ್ಯೂಬಾ. ಜೊತೆಗೆ ವೆನೆಜುವೆಲಾ, ಆಮೇಲೆ ಇನ್ನೂ ಕೆಲವು ದೇಶಗಳು. 2025ರ ಜನವರಿಯಲ್ಲಿ ಕತಾತುಂಬೊ ಪ್ರದೇಶದಲ್ಲಿ ಇಎಲ್‌ಎನ್ ನಡೆಸಿದ ದಾಳಿಗಳಲ್ಲಿ ಹತ್ತಾರು ಜನ ಸತ್ತರು, ಸಾವಿರಾರು ಜನ ಊರು ಬಿಟ್ಟರು. ಪೆತ್ರೊ ಮಾತುಕತೆ ನಿಲ್ಲಿಸಿದರು.

ಅದೇ ತಿಂಗಳು 14ಕ್ಕೆ ಬೈಡನ್ ಕ್ಯೂಬಾವನ್ನು ಅಮೆರಿಕದ ಭಯೋತ್ಪಾದನಾ ಪಟ್ಟಿಯಿಂದ ತೆಗೆಯುವುದಾಗಿ ಹೇಳಿದರು. 20ಕ್ಕೆ ಅಧಿಕಾರಕ್ಕೆ ಬಂದ ಟ್ರಂಪ್ ಮೊದಲ ದಿನವೇ ಆ ಆದೇಶ ರದ್ದು ಮಾಡಿದರು.